ಆರೂವರೆಯ ವಾರ್ತೆ: ಅಮೆರಿಕದ ಸ್ಪ್ಯಾನಿಷ್ ಸುದ್ದಿ ಯಾರದು?

ಮಂಗಳೂರಿನ ಕಡೆ ಬೊಂಡ ಕೇಳಿದರೆ ಎಳನೀರು ಕೆತ್ತಿ ಕೊಡುತ್ತಾರೆ. ಬೆಂಗಳೂರಿನಲ್ಲಿ ಅದೇ ಮಾತಿಗೆ ಎಣ್ಣೆಯಲ್ಲಿ ಕರಿದ ತಿಂಡಿ ಬರುತ್ತದೆ. ಇಬ್ಬರಿಗೂ ಒಂದೇ ವಾರ್ತೆ ಓದುವವರಿಗೆ ಈ ತಾಪತ್ರಯ ಗೊತ್ತು. ಇದನ್ನೇ ಇಪ್ಪತ್ತು ದೇಶಗಳಷ್ಟು ಹಿಗ್ಗಿಸಿ. ಮೆಕ್ಸಿಕೊದಲ್ಲಿ ಬಸ್ಸಿಗೆ ‘ಕಾಮಿಯೋನ್’ ಎನ್ನುತ್ತಾರೆ. ಬೇರೆಡೆ ಅದು ಲಾರಿ. ಕ್ಯೂಬಾ, ಪೋರ್ಟೊ ರಿಕೊಗಳಲ್ಲಿ ಬಸ್ಸು ಎಂದರೆ ‘ಗ್ವಾಗ್ವಾ’. ಆದರೆ ಚಿಲಿಯವರಿಗೆ ಗ್ವಾಗ್ವಾ ಎಂದರೆ ಎಳೆಗೂಸು. ಬಸ್ಸು ಗೋಡೆಗೆ ಗುದ್ದಿದ ಸುದ್ದಿಯನ್ನು ಹವಾನಾದ ಮಾತಿನಲ್ಲಿ ಓದಿದರೆ ಸಾಂಟಿಯಾಗೊದಿಂದ ಬಂದವರ ಮನೆಯಲ್ಲಿ ಏನಾದೀತು, ಯೋಚಿಸಿ. ಅದಕ್ಕೇ ಅಮೆರಿಕದ ಸ್ಪ್ಯಾನಿಷ್ ವಾರ್ತೆಯಲ್ಲಿ ‘ಔತೊಬೂಸ್’ ಎಂದು ಓದುತ್ತಾರೆ. ಅದು ಯಾರ ಮನೆಮಾತೂ ಅಲ್ಲದಿರಬಹುದು, ಆದರೆ ಎಲ್ಲರಿಗೂ ತಿಳಿಯುತ್ತದೆ.

ಇವತ್ತು ಮಾತಾಡಬೇಕಾದ ಕಾರ್ಯಕ್ರಮ ‘ನೋತಿಸಿಯೆರೊ ಯುನಿವಿಷನ್’. ನೋತಿಸಿಯೆರೊ ಎಂದರೆ ವಾರ್ತಾ ಪ್ರಸಾರ, ಅಷ್ಟೇ. ಯುನಿವಿಷನ್ ಎಂಬುದು ಅದನ್ನು ನಡೆಸುವ ಟಿವಿ ಜಾಲ. 1981ರಿಂದ ಅಮೆರಿಕ ಸಂಯುಕ್ತ ಸಂಸ್ಥಾನದ ಸ್ಪ್ಯಾನಿಷ್ ಮನೆಗಳಿಗೆ ಸಂಜೆ ಹೊತ್ತು ಬರುತ್ತಿರುವ ಅರ್ಧ ಗಂಟೆಯ ಬುಲೆಟಿನ್ ಇದು. ಭಾಷೆ ಸ್ಪ್ಯಾನಿಷ್ ಆದ ಮಾತ್ರಕ್ಕೆ ಸುದ್ದಿ ಲ್ಯಾಟಿನ್ ಅಮೆರಿಕದ್ದಾಗಬೇಕೇ, ಅಥವಾ ಅಮೆರಿಕದ್ದೇ ಸುದ್ದಿಯನ್ನು ಸ್ಪ್ಯಾನಿಷ್‌ನಲ್ಲಿ ಹೇಳಬೇಕೇ? ಈ ಕಾರ್ಯಕ್ರಮದ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದ್ದು ನಿಲ್ಲುವ ಜಗಳ ಇದೇ. ಆ ಜಗಳ ಬರೀ ಸಂಪಾದಕೀಯದ್ದಲ್ಲ. ಅದರಲ್ಲಿ ಕಾನೂನಿದೆ, ದುಡ್ಡಿದೆ, ಒಂದಿಷ್ಟು ಆಂಟೆನಾ ತಂತಿಯೂ ಇದೆ.

ಆಂಟೆನಾದಿಂದಲೇ ಶುರು ಮಾಡೋಣ. 1955ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ರೌಲ್ ಕೋರ್ತೆಸ್ ಅವರು ಕೆಸಿಒಆರ್ ಎಂಬ ಟಿವಿ ಕೇಂದ್ರ ತೆರೆದರು. ಅದು ಆ ದೇಶದ ಮೊದಲ ಸ್ಪ್ಯಾನಿಷ್ ಟಿವಿ ಕೇಂದ್ರ, 41ನೇ ಚಾನೆಲ್. ಆ ಸಂಖ್ಯೆಯೇ ಅದರ ಸಂಕಟ. ಅಂದಿನ ಬಹುಪಾಲು ಟಿವಿಗಳ ತಿರುಗುಗುಂಡಿಯಲ್ಲಿ 2ರಿಂದ 13ರವರೆಗಿನ ವಿಎಚ್‌ಎಫ್ ಚಾನೆಲ್‌ಗಳು ಮಾತ್ರ ಇದ್ದವು. 14ರಿಂದ ಮೇಲಿನವು ಯುಎಚ್‌ಎಫ್. ಅವು ಸಿಗಬೇಕಾದರೆ ಟಿವಿಯ ಮೇಲೆ ಬೇರೆಯೇ ಒಂದು ಕನ್ವರ್ಟರ್ ಪೆಟ್ಟಿಗೆ ಇಡಬೇಕು, ಅದಕ್ಕೆ ಬೇರೆ ಆಂಟೆನಾ ಹಾಕಬೇಕು. ಸಾಲದ್ದಕ್ಕೆ ವಿಎಚ್‌ಎಫ್ ಗುಂಡಿ ಟಕ್ ಟಕ್ ಎಂದು ಚಾನೆಲ್‌ಗೆ ಕಚ್ಚಿಕೊಂಡು ನಿಂತರೆ, ಯುಎಚ್‌ಎಫ್ ಗುಂಡಿಯನ್ನು ಹಳೆಯ ರೇಡಿಯೊ ಮುಳ್ಳಿನ ಹಾಗೆ ನಯವಾಗಿ ತಿರುಗಿಸಿ ಹುಡುಕಬೇಕಿತ್ತು. ದುಡ್ಡಿದ್ದ ಇಂಗ್ಲಿಷ್ ಕಂಪನಿಗಳು ವಿಎಚ್‌ಎಫ್ ಹಿಡಿದಿದ್ದವು. ಯಾರಿಗೂ ಬೇಡವಾದ ಯುಎಚ್‌ಎಫ್ ಅಗ್ಗದಲ್ಲಿ ಉಳಿದಿತ್ತು, ಸ್ಪ್ಯಾನಿಷ್ ಟಿವಿ ಅಲ್ಲಿ ಹುಟ್ಟಿತು. 1962ರಲ್ಲಿ ಅಮೆರಿಕದ ಸಂಸತ್ತು ಎಲ್ಲ ಹೊಸ ಟಿವಿಗಳಲ್ಲೂ ಯುಎಚ್‌ಎಫ್ ಇರಲೇಬೇಕೆಂದು ಕಾನೂನು ಮಾಡಿತು. ಅದು 1964ರಿಂದ ಜಾರಿಗೆ ಬಂತು. ಸ್ಪ್ಯಾನಿಷ್ ಟಿವಿ ಉಸಿರಾಡಿದ್ದು ಆಮೇಲೆ.

ಅಷ್ಟರೊಳಗೆ, 1961ರಲ್ಲಿ, ಕೋರ್ತೆಸ್ ಕೇಂದ್ರವನ್ನು ಮಾರಿಯಾಗಿತ್ತು. ಕೊಂಡ ಗುಂಪಿನ ಹಿಂದೆ ಇದ್ದವರು ಮೆಕ್ಸಿಕೊದ ಟಿವಿ ದೊರೆ ಎಮಿಲಿಯೊ ಆಸ್ಕಾರಗಾ ವಿದೌರೆತಾ. ಕೇಂದ್ರದ ಹೆಸರು ಕೆಡಬ್ಲ್ಯುಇಎಕ್ಸ್ ಆಯಿತು. ಮರುವರ್ಷ ಲಾಸ್ ಏಂಜಲೀಸ್‌ನಲ್ಲಿ ಕೆಎಂಇಎಕ್ಸ್, 34ನೇ ಚಾನೆಲ್. ಇವನ್ನೆಲ್ಲ ಪೋಣಿಸಿದ ಜಾಲಕ್ಕೆ ‘ಸ್ಪ್ಯಾನಿಷ್ ಇಂಟರ್‌ನ್ಯಾಷನಲ್ ನೆಟ್‌ವರ್ಕ್’ ಎಂದು ಹೆಸರಿಟ್ಟರು. ಮೊದಲಕ್ಷರ ಕೂಡಿಸಿದರೆ ‘ಸಿನ್’. ಇಂಗ್ಲಿಷಿನಲ್ಲಿ ಅದು ಪಾಪ, ಸ್ಪ್ಯಾನಿಷ್‌ನಲ್ಲಿ ‘ಇಲ್ಲದೆ’. ಹೆಸರಿಟ್ಟವರು ಎರಡೂ ಭಾಷೆ ಬಲ್ಲವರೇ, ಆದರೂ ಇಟ್ಟರು.

ಜಾಲದ ವ್ಯವಹಾರ ಸರಳವಾಗಿತ್ತು. ಮೆಕ್ಸಿಕೊದಲ್ಲಿ ಒಮ್ಮೆ ಓಡಿ ದುಡಿದ ಧಾರಾವಾಹಿಗಳನ್ನು ಇಲ್ಲಿ ಮತ್ತೆ ಓಡಿಸುವುದು. ರಾಷ್ಟ್ರಮಟ್ಟದ ಸುದ್ದಿಯೂ ಅಲ್ಲಿಂದಲೇ ಬಂತು: ಆಸ್ಕಾರಗಾ ಕುಟುಂಬದ ಟಿವಿ ಕಂಪನಿ ತೆಲೆವಿಸಾದ ‘24 ಓರಾಸ್’, ಅಂದರೆ 24 ಗಂಟೆ. 1970ರಿಂದ 1998ರವರೆಗೆ ಹಾಕೊಬೊ ಸಾಬ್ಲುದೋವ್‌ಸ್ಕಿ ನಡೆಸಿದ ಆ ಕಾರ್ಯಕ್ರಮ ಮೆಕ್ಸಿಕೊದ ಆಳುವ ಪಕ್ಷಕ್ಕೆ ನೋವಾಗದ ಹಾಗೆ ಸುದ್ದಿ ಹೇಳುವುದಕ್ಕೆ ಹೆಸರಾಗಿತ್ತು. ಲಾಸ್ ಏಂಜಲೀಸ್‌ನ ಕೂಲಿಕಾರನಿಗೆ ಮೆಕ್ಸಿಕೊ ಅಧ್ಯಕ್ಷರು ಯಾವ ಅಣೆಕಟ್ಟು ಉದ್ಘಾಟಿಸಿದರು ಎಂಬುದು ಗೊತ್ತಾಗುತ್ತಿತ್ತು. ತನ್ನ ಮಗುವಿನ ಶಾಲೆಯ ಸುದ್ದಿ ಗೊತ್ತಾಗುತ್ತಿರಲಿಲ್ಲ.

ಸ್ಥಳೀಯ ಕೇಂದ್ರಗಳ ಕಥೆ ಬೇರೆ. ಕೆಎಂಇಎಕ್ಸ್‌ನ ಸುದ್ದಿ ನಿರ್ದೇಶಕರಾಗಿದ್ದ ರೂಬೆನ್ ಸಾಲಸಾರ್ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಗೂ ಅಂಕಣ ಬರೆಯುತ್ತಿದ್ದರು. ಪೊಲೀಸರ ದೌರ್ಜನ್ಯ ಅವರ ಮುಖ್ಯ ವಿಷಯಗಳಲ್ಲೊಂದು. 1970ರ ಆಗಸ್ಟ್ 29ರಂದು ಪೂರ್ವ ಲಾಸ್ ಏಂಜಲೀಸ್‌ನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ನಡೆದ ಮೆರವಣಿಗೆಯ ವರದಿಗೆ ಹೋಗಿದ್ದರು. ‘ಸಿಲ್ವರ್ ಡಾಲರ್’ ಎಂಬ ಬಾರಿನೊಳಗೆ ಕುಳಿತಿದ್ದಾಗ ಶೆರಿಫ್ ಇಲಾಖೆಯವನು ಹಾರಿಸಿದ ಅಶ್ರುವಾಯು ಶೆಲ್ ತಲೆಗೆ ಬಡಿದು ಸತ್ತರು. ಇಲ್ಲಿನವರ ಸುದ್ದಿಯನ್ನು ಇಲ್ಲಿಂದಲೇ ಹೇಳಬೇಕೆಂಬ ಹಟಕ್ಕೆ ಅಲ್ಲಿನ ಪತ್ರಕರ್ತರು ಇಂದಿಗೂ ತೋರಿಸುವ ಹೆಸರು ಅವರದು.

ರಾಷ್ಟ್ರೀಯ ಬುಲೆಟಿನ್ ಸಾಧ್ಯವಾಗಲು ಎರಡು ಸಂಗತಿ ಕೂಡಿಬರಬೇಕಾಯಿತು. ಒಂದು ಉಪಗ್ರಹ. ಟೇಪುಗಳನ್ನು ಊರಿಂದೂರಿಗೆ ಕಳಿಸುತ್ತಿದ್ದರೆ ಧಾರಾವಾಹಿ ನಡೆದೀತು, ಸುದ್ದಿ ಹಳಸುತ್ತದೆ. 1970ರ ದಶಕದ ಉತ್ತರಾರ್ಧದಲ್ಲಿ ಸಿನ್ ತನ್ನ ಕೇಂದ್ರಗಳನ್ನು ಉಪಗ್ರಹದಿಂದ ಬೆಸೆಯಿತು. ಇಂಗ್ಲಿಷಿನ ದೊಡ್ಡ ಜಾಲಗಳು ಆಗಿನ್ನೂ ಟೆಲಿಫೋನ್ ಕಂಪನಿಯ ನೆಲದ ಮಾರ್ಗಗಳ ಮೇಲೆ ಅವಲಂಬಿಸಿದ್ದವು. ಜಾಲದ ಮುಖ್ಯಸ್ಥ ರೆನೆ ಆನ್ಸೆಲ್ಮೊಗೆ ಉಪಗ್ರಹದ ಹುಚ್ಚು ಎಷ್ಟಿತ್ತೆಂದರೆ, ಮುಂದೆ ‘ಪ್ಯಾನ್‌ಆಮ್‌ಸ್ಯಾಟ್’ ಎಂಬ ಖಾಸಗಿ ಉಪಗ್ರಹ ಕಂಪನಿಯನ್ನೇ ಕಟ್ಟಿದರು. ಎರಡನೆಯದು ಜನಗಣತಿ. 1980ರ ಗಣತಿಯಲ್ಲಿ ಮೊದಲ ಬಾರಿಗೆ ಪ್ರತಿ ಮನೆಗೂ ‘ನೀವು ಹಿಸ್ಪಾನಿಕ್ ಮೂಲದವರೇ’ ಎಂಬ ಪ್ರಶ್ನೆ ಹೋಯಿತು. ಲೆಕ್ಕ ಸಿಕ್ಕಿದ್ದು 1 ಕೋಟಿ 46 ಲಕ್ಷ. ಮೆಕ್ಸಿಕೊದವರು, ಕ್ಯೂಬಾದವರು, ಪೋರ್ಟೊ ರಿಕೊದವರು ಎಂದು ಚದುರಿದ್ದ ಜನ ಜಾಹೀರಾತುದಾರರ ಕಣ್ಣಿಗೆ ಒಂದೇ ಮಾರುಕಟ್ಟೆಯಾಗಿ ಕಂಡರು.

1981ರಲ್ಲಿ ‘ನೋತಿಸಿಯೆರೊ ನಾಸಿಯೊನಾಲ್ ಸಿನ್’ ವಾಷಿಂಗ್ಟನ್‌ನಿಂದ ಶುರುವಾಯಿತು, ಆಮೇಲೆ ಮಯಾಮಿಗೆ ಹೋಯಿತು. ಅದನ್ನು ಕಟ್ಟಿದವರು ಮಯಾಮಿ ಕೇಂದ್ರದಲ್ಲಿ ಪಳಗಿದ್ದ ಗುಸ್ತಾವೊ ಗೊದೊಯ್. ಎಲ್ ಸಾಲ್ವಡಾರ್, ನಿಕರಾಗುವಾಗಳಲ್ಲಿ ಯುದ್ಧ ಉರಿಯುತ್ತಿದ್ದ ಕಾಲ. ಭಾಷೆ ಬಲ್ಲ ವರದಿಗಾರರಿಗೆ ದುಭಾಷಿಯ ಹಂಗಿರಲಿಲ್ಲ, ಹಳ್ಳಿಯೊಳಕ್ಕೆ ನೇರ ಹೋಗುತ್ತಿದ್ದರು. ಮಯಾಮಿಗೆ ಹೋದದ್ದರಿಂದ ಇನ್ನೊಂದು ದೂರು ಹುಟ್ಟಿತು: ಕ್ಯೂಬಾದವರ ಊರಲ್ಲಿ ಕುಳಿತು ಮೆಕ್ಸಿಕೊ ಮೂಲದವರಿಗೆ ಸುದ್ದಿ ಹೇಳುತ್ತಾರೆ ಎಂದು. ನೋಡುಗರಲ್ಲಿ ಹೆಚ್ಚಿನವರು ಮೆಕ್ಸಿಕೊ ಮೂಲದವರಾಗಿದ್ದರಿಂದ ದೂರಿನಲ್ಲಿ ಹುರುಳಿತ್ತು. ಮುಂದೆ ಕೆಲವು ವರ್ಷ ಬುಲೆಟಿನ್ ಕ್ಯಾಲಿಫೋರ್ನಿಯಾದ ಲಗೂನಾ ನಿಗೆಲ್‌ಗೆ ಹೋಗಿ, ಮತ್ತೆ ಮಯಾಮಿಗೆ ಮರಳಿತು.

ಆದರೆ ದೊಡ್ಡ ಒಡಕು 1986ರದ್ದು. ಅಮೆರಿಕದ 1934ರ ಸಂಪರ್ಕ ಕಾಯಿದೆಯ 310ನೇ ಸೆಕ್ಷನ್ ಪ್ರಕಾರ ಪ್ರಸಾರ ಪರವಾನಗಿ ಪಡೆದ ಕಂಪನಿಯಲ್ಲಿ ವಿದೇಶಿಯರ ನೇರ ಪಾಲು ಶೇ 20 ಮೀರುವಂತಿಲ್ಲ. ಮಾತೃಸಂಸ್ಥೆಯಲ್ಲಾದರೆ ಶೇ 25. ಕಾಗದದ ಮೇಲೆ ಆಸ್ಕಾರಗಾ ಕುಟುಂಬ ಗೆರೆ ದಾಟಿರಲಿಲ್ಲ. ಆದರೆ ಕಾರ್ಯಕ್ರಮ, ಸಾಲ, ಆಳುಕಾಳು ಎಲ್ಲದರ ಹಗ್ಗವೂ ಮೆಕ್ಸಿಕೊದಲ್ಲಿದೆ ಎಂದು ತಕರಾರು ಎದ್ದಿತ್ತು. 1986ರ ಜನವರಿಯಲ್ಲಿ, ಪರವಾನಗಿ ಕೊಡುವ ಸಂಪರ್ಕ ಆಯೋಗದ ನ್ಯಾಯಾಧಿಕಾರಿ ಪರವಾನಗಿ ನವೀಕರಿಸಬಾರದೆಂದು ತೀರ್ಪಿತ್ತರು. ಕೇಂದ್ರಗಳನ್ನು ಮಾರದೆ ಗತಿಯಿರಲಿಲ್ಲ. ಕೊಂಡದ್ದು ಶುಭಾಶಯ ಪತ್ರಗಳ ಹಾಲ್‌ಮಾರ್ಕ್ ಕಂಪನಿ! 1987ರಲ್ಲಿ ಸಿನ್ ಹೋಗಿ ಯುನಿವಿಷನ್ ಬಂತು.

ಮಾರಾಟದ ಗಡಿಬಿಡಿಯ ನಡುವೆಯೇ ಸುದ್ದಿ ವಿಭಾಗವನ್ನು ನೋಡಿಕೊಳ್ಳಲು ಸಾಬ್ಲುದೋವ್‌ಸ್ಕಿಯವರನ್ನು ಮೆಕ್ಸಿಕೊದಿಂದ ಕಳಿಸುವ ಸುದ್ದಿ ಹೊರಬಿತ್ತು. ಐದು ವರ್ಷ ಕಷ್ಟಪಟ್ಟು ‘ನಾವು 24 ಓರಾಸ್ ಅಲ್ಲ’ ಎಂದು ತೋರಿಸಿಕೊಂಡ ಸುದ್ದಿಮನೆಗೆ ಅದೇ 24 ಓರಾಸ್‌ನ ಯಜಮಾನರು! ಗೊದೊಯ್ ರಾಜೀನಾಮೆ ಎಸೆದರು, ಅವರ ಹಿಂದೆ ಸಿಬ್ಬಂದಿಯ ದಂಡೇ ಎದ್ದು ಹೋಯಿತು. ಹೋದವರು ಬೇರೆ ಕಂಪನಿ ಕಟ್ಟಿಕೊಂಡು, 1987ರ ಆರಂಭದಲ್ಲಿ ಹೊಸ ಜಾಲ ಟೆಲಿಮುಂಡೊಗೆ ವಾರ್ತೆ ಒದಗಿಸತೊಡಗಿದರು. ಇವತ್ತು ಯುನಿವಿಷನ್‌ಗೆ ಎದುರಾಳಿಯಾಗಿ ನಿಂತಿರುವ ವಾರ್ತೆಯ ಬೇರು ಯುನಿವಿಷನ್‌ನದೇ ಹಳೆಯ ಸುದ್ದಿಮನೆಯಲ್ಲಿದೆ.

ಖಾಲಿಯಾದ ಕುರ್ಚಿಗಳಿಗೆ ಜನ ಬೇಕಿತ್ತು. 1986ರ ನವೆಂಬರ್ 3ರಂದು 28 ವರ್ಷದ ಹೋರ್ಹೆ ರಾಮೋಸ್ ಆ್ಯಂಕರ್ ಕುರ್ಚಿಯಲ್ಲಿ ಕುಳಿತರು. ಮೂರು ವರ್ಷದ ಹಿಂದಷ್ಟೇ ತಮ್ಮ ವರದಿಗೆ ಕತ್ತರಿ ಬಿದ್ದದ್ದಕ್ಕೆ ತೆಲೆವಿಸಾ ಬಿಟ್ಟು ಮೆಕ್ಸಿಕೊದಿಂದ ಲಾಸ್ ಏಂಜಲೀಸ್‌ಗೆ ಬಂದವರು. ಸ್ವಲ್ಪದರಲ್ಲೇ ಕೆಎಂಇಎಕ್ಸ್‌ನ ಮರಿಯಾ ಎಲೆನಾ ಸಲಿನಾಸ್ ಜೊತೆಯಾದರು. ಒಬ್ಬರು ವಲಸೆ ಬಂದವರು, ಇನ್ನೊಬ್ಬರು ಲಾಸ್ ಏಂಜಲೀಸ್‌ನಲ್ಲೇ ಹುಟ್ಟಿದವರು. ನೋಡುವ ಮನೆಗಳಲ್ಲೂ ಅಪ್ಪ ಅಮ್ಮ ಆ ಕಡೆಯವರು, ಮಕ್ಕಳು ಈ ಕಡೆಯವರು. ಈ ಜೋಡಿ ಮೂರು ದಶಕ ಬಾಳಿತು.

ಇನ್ನು ಬುಲೆಟಿನ್‌ನ ಒಳಗೆ ಹೋಗೋಣ. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಸುಮಾರು 22 ನಿಮಿಷ. ಪೂರ್ವ ಕರಾವಳಿಯಲ್ಲಿ ಸಂಜೆ 6:30ಕ್ಕೆ ನೇರ ಪ್ರಸಾರ, ಅದೇ ಹೊತ್ತಿಗೆ ಟೆಕ್ಸಾಸ್ ಕಡೆ 5:30. ಪಶ್ಚಿಮ ಕರಾವಳಿಗೆ ಅಲ್ಲಿನ 6:30ಕ್ಕೆ, ಎಂದರೆ ಮೂರು ಗಂಟೆ ತಡವಾಗಿ ಹೋಗುತ್ತದೆ. ಕೆಡುವುದು ಈ ಮೂರು ಗಂಟೆಯಲ್ಲೇ. ‘ಇನ್ನು ಸ್ವಲ್ಪ ಹೊತ್ತಿನಲ್ಲಿ ಮತದಾನ’ ಎಂದು ಮಯಾಮಿಯಲ್ಲಿ ಓದಿದ ಸಾಲು ಲಾಸ್ ಏಂಜಲೀಸ್ ತಲಪುವಷ್ಟರಲ್ಲಿ ಮತದಾನ ಮುಗಿದಿರುತ್ತದೆ. ಆದ್ದರಿಂದ ಇಂಥ ಜಾಲಗಳಲ್ಲಿ ಕೆಟ್ಟುಹೋಗಬಹುದಾದ ಸುದ್ದಿಯನ್ನು ರನ್‌ಡೌನ್‌ನಲ್ಲಿ, ಎಂದರೆ ಸುದ್ದಿಗಳ ಸರದಿ ಪಟ್ಟಿಯಲ್ಲಿ, ಬಿಡಿಯಾದ ತುಣುಕಾಗಿ ಇಡುತ್ತಾರೆ. ಅದೊಂದನ್ನೇ ಕಿತ್ತು ಅಷ್ಟೇ ಸೆಕೆಂಡಿನ ಹೊಸ ತುಣುಕು ಕೂರಿಸಬಹುದು, ಮಿಕ್ಕದ್ದು ಅಲುಗುವುದಿಲ್ಲ.

ಇಂಗ್ಲಿಷ್ ಬೈಟ್, ಎಂದರೆ ಯಾರಾದರೂ ಆಡಿದ ಮಾತಿನ ತುಣುಕು, ಬಂದಾಗ ನಿಜವಾದ ಕಸರತ್ತು. ರಾಜ್ಯಪಾಲರು ಹತ್ತು ಸೆಕೆಂಡು ಮಾತಾಡಿದ್ದಾರೆ ಎನ್ನಿ. ಮೊದಲ ಒಂದೂವರೆ ಸೆಕೆಂಡು ಅವರ ದನಿ ಪೂರ್ತಿ ಕೇಳಿಸಬೇಕು, ಮಾತು ಅವರದೇ ಎಂಬ ನಂಬಿಕೆಗೆ. ಆಮೇಲೆ ಅದನ್ನು ತಗ್ಗಿಸಿ ಮೇಲೆ ಸ್ಪ್ಯಾನಿಷ್ ದನಿ ಹಾಕಬೇಕು. ಉಳಿದದ್ದು ಎಂಟೂವರೆ ಸೆಕೆಂಡು. ಆದರೆ ಸ್ಪ್ಯಾನಿಷ್‌ಗೆ ತಂದ ಮಾತು ಇಂಗ್ಲಿಷಿಗಿಂತ ಐದರಲ್ಲೊಂದು ಪಾಲಾದರೂ ಉದ್ದವಾಗುತ್ತದೆ, ಹನ್ನೆರಡು ಸೆಕೆಂಡು ಕೇಳುತ್ತದೆ. ಹೊಸಬರು ಓದುವ ವೇಗ ಹೆಚ್ಚಿಸುತ್ತಾರೆ. ರಾಜ್ಯಪಾಲರು ಹರಾಜು ಕೂಗಿದಂತೆ ಕೇಳಿಸುತ್ತದೆ. ಇನ್ನು ಕೆಲವರು ಕೊನೆ ಕತ್ತರಿಸುತ್ತಾರೆ. ಇಂಗ್ಲಿಷ್ ಮಾತಿನಲ್ಲಿ ಷರತ್ತು ಬರುವುದು ಹೆಚ್ಚಾಗಿ ಕೊನೆಯಲ್ಲೇ. ಕತ್ತರಿಸಬೇಕಾದ್ದು ಶುರುವಿನ ‘ವೆಲ್, ಲುಕ್, ಐ ಥಿಂಕ್’ ಎಂಬ ಹೊಟ್ಟನ್ನು. ‘ಮಾತ್ರ’, ‘ಹೊರತು’, ‘ಇಂಥ ತಾರೀಕಿನಿಂದ’ ಎಂಬ ಮಾತುಗಳಿಗೆ ಕೈ ಹಾಕಕೂಡದು. ವಲಸೆ ನಿಯಮದ ಸುದ್ದಿಯಲ್ಲಿ ಒಂದು ‘ಮಾತ್ರ’ ಬಿದ್ದುಹೋದರೆ ಮರುದಿನ ಅರ್ಹರಲ್ಲದವರು ಅರ್ಜಿ ಹಿಡಿದು ಕಚೇರಿ ಬಾಗಿಲಲ್ಲಿ ನಿಂತು ತಾವಾಗಿಯೇ ಸಿಕ್ಕಿಬೀಳುತ್ತಾರೆ.

ಇಂಗ್ಲಿಷಿನ ‘ಯು’ ಇನ್ನೊಂದು ಗಂಟು. ಸ್ಪ್ಯಾನಿಷ್‌ನಲ್ಲಿ ‘ತೂ’, ‘ಉಸ್ತೆದ್’ ಎಂದು ಎರಡು. ನಮ್ಮ ನೀನು, ನೀವು ಇದ್ದ ಹಾಗೆ. ಪೊಲೀಸು ಹುಡುಗನಿಗೆ ‘ಯು’ ಎಂದದ್ದನ್ನು ಯಾವುದಕ್ಕೆ ತಿರುಗಿಸುತ್ತೀರಿ? ‘ತೂ’ ಹಾಕಿದರೆ ಪೊಲೀಸು ಗದರಿದ ಹಾಗಾಯಿತು, ‘ಉಸ್ತೆದ್’ ಹಾಕಿದರೆ ಮರ್ಯಾದಸ್ಥನಾದ. ಮೂಲದಲ್ಲಿ ಎರಡೂ ಇಲ್ಲ. ಆಗ ಸರ್ವನಾಮವೇ ಬಾರದಂತೆ ವಾಕ್ಯ ತಿರುಗಿಸುವುದು ಕ್ಷೇಮ. ಕನ್ನಡ ಡೆಸ್ಕಿನಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದೇನಲ್ಲ.

ಭಾಷಾಂತರದ ತಪ್ಪು ಜನರ ಜೇಬಿಗೆ ಕೈ ಹಾಕಿದ ಒಂದು ಉದಾಹರಣೆ ‘ನೋಟರಿ’. ಲ್ಯಾಟಿನ್ ಅಮೆರಿಕದ ಬಹುತೇಕ ದೇಶಗಳಲ್ಲಿ ‘ನೊತಾರಿಯೊ ಪೂಬ್ಲಿಕೊ’ ಎಂದರೆ ಕಾನೂನು ಓದಿ, ದಾಖಲೆ ಬರೆದು ಅಧಿಕೃತಗೊಳಿಸುವ ದೊಡ್ಡ ಮನುಷ್ಯ. ಅಮೆರಿಕದ ‘ನೋಟರಿ ಪಬ್ಲಿಕ್’ ಸಹಿ ಇವರದೇ ಎಂದು ಸಾಕ್ಷಿ ಹಾಕುವವನಷ್ಟೇ, ವಕೀಲನಾಗಿರಬೇಕಿಲ್ಲ. ಬೀದಿಬದಿಯ ಅಂಗಡಿಗೆ ‘ನೊತಾರಿಯೊ’ ಎಂದು ಬೋರ್ಡು ಹಾಕಿ, ಗ್ರೀನ್ ಕಾರ್ಡ್ ಮಾಡಿಸಿಕೊಡುತ್ತೇನೆಂದು ದುಡ್ಡು ಕಿತ್ತ ಪ್ರಕರಣಗಳಿಗೆ ಲೆಕ್ಕವಿಲ್ಲ. ವಾರ್ತೆಯಲ್ಲಿ ಅವನನ್ನು ‘ನೊತಾರಿಯೊ’ ಎಂದೇ ಕರೆದರೆ ಬೋರ್ಡಿಗೆ ಮುದ್ರೆ ಒತ್ತಿದಂತೆ. ಹಾಗೆಯೇ ಇಂಗ್ಲಿಷಿನ ‘ಇಲ್ಲೀಗಲ್ಸ್’ ಎಂಬ ಮಾತನ್ನು ಈ ಬುಲೆಟಿನ್ ‘ಇಂದೊಕುಮೆಂತಾದೊಸ್’ ಎನ್ನುತ್ತದೆ, ಕಾಗದಪತ್ರ ಇಲ್ಲದವರು. ನಮ್ಮ ಪತ್ರಿಕೆಗಳು ‘ಅಕ್ರಮ ವಲಸಿಗರು’ ಎಂದು ಯೋಚಿಸದೆ ಬರೆಯುತ್ತವೆ. ಕಾಗದ ಇಲ್ಲದಿರುವುದು ಬೇರೆ, ಮನುಷ್ಯನೇ ಅಕ್ರಮವಾಗುವುದು ಬೇರೆ. ಯುನಿವಿಷನ್ ಪಕ್ಷಪಾತಿ ಎನ್ನುವವರು ಮೊದಲು ಬೆರಳು ತೋರಿಸುವುದು ಈ ಪದದ ಕಡೆಗೇ. ಆಕ್ಷೇಪ ಪೂರ್ತಿ ಪೊಳ್ಳೇನಲ್ಲ: ನೋಡುಗರ ಪರ ನಿಂತ ವಾರ್ತೆ ನೋಡುಗರಿಗೆ ಬೇಡದ ಸತ್ಯವನ್ನೂ ಹೇಳುತ್ತದೆಯೇ ಎಂಬ ಅನುಮಾನ ಇದ್ದೇ ಇರುತ್ತದೆ. ಆದರೆ 1994ರಲ್ಲಿ ಕ್ಯಾಲಿಫೋರ್ನಿಯಾ, ಕಾಗದವಿಲ್ಲದವರ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಹೊರಗಿಡುವ 187ನೇ ಪ್ರಸ್ತಾವವನ್ನು ಮತಕ್ಕೆ ಹಾಕಿದಾಗ, ಆ ಮಕ್ಕಳ ಮನೆಯೊಳಗೆ ಸ್ಪ್ಯಾನಿಷ್‌ನಲ್ಲಿ ಸುದ್ದಿ ಹೇಳುತ್ತಿದ್ದವರು ದೂರ ನಿಂತು ಹೇಳುವುದು ಹೇಗೆ? ಪ್ರಸ್ತಾವ ಗೆದ್ದಿತು, ಆಮೇಲೆ ನ್ಯಾಯಾಲಯ ತಡೆಯಿತು.

2007ರ ಸೆಪ್ಟೆಂಬರ್ 9ರಂದು ಮಯಾಮಿ ವಿಶ್ವವಿದ್ಯಾಲಯದಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಆಕಾಂಕ್ಷಿಗಳ ಚರ್ಚೆಯನ್ನು ರಾಮೋಸ್, ಸಲಿನಾಸ್ ಸ್ಪ್ಯಾನಿಷ್‌ನಲ್ಲಿ ನಡೆಸಿದರು. ಪ್ರಶ್ನೆ ಸ್ಪ್ಯಾನಿಷ್‌ನಲ್ಲಿ, ಅಭ್ಯರ್ಥಿಯ ಕಿವಿಗೆ ಅದರ ಇಂಗ್ಲಿಷ್. ಉತ್ತರ ಇಂಗ್ಲಿಷಿನಲ್ಲಿ, ನೋಡುಗರಿಗೆ ಅದರ ಸ್ಪ್ಯಾನಿಷ್. ದುಭಾಷಿ ಯಾವಾಗಲೂ ಮಾತುಗಾರನಿಗಿಂತ ಎರಡು ಮೂರು ಸೆಕೆಂಡು ಹಿಂದಿರುತ್ತಾನೆ, ಅದರ ಮೇಲೆ ಇಬ್ಬರು ಒಟ್ಟಿಗೆ ಮಾತಾಡಿದರೆ ಯಾವ ಮಾತು ಯಾರದೆಂದೇ ತಿಳಿಯುವುದಿಲ್ಲ. ತಮಾಷೆ ಎಂದರೆ, ಬಿಲ್ ರಿಚರ್ಡ್‌ಸನ್, ಕ್ರಿಸ್ ಡಾಡ್ ಇಬ್ಬರಿಗೂ ಸ್ಪ್ಯಾನಿಷ್ ಚೆನ್ನಾಗಿ ಬರುತ್ತಿತ್ತು. ಉಳಿದವರಿಗೆ ಅನ್ಯಾಯವಾಗದಿರಲೆಂದು ಎಲ್ಲರೂ ಇಂಗ್ಲಿಷಿನಲ್ಲೇ ಉತ್ತರಿಸಬೇಕೆಂಬ ನಿಯಮವಿತ್ತು. ಸ್ಪ್ಯಾನಿಷ್ ಚಾನೆಲ್‌ನಲ್ಲಿ ಸ್ಪ್ಯಾನಿಷ್‌ಗೆ ನಿಷೇಧ ಎಂದು ರಿಚರ್ಡ್‌ಸನ್ ವೇದಿಕೆಯಲ್ಲೇ ಬೇಸರಪಟ್ಟರು.

ಆಮೇಲಿನದ್ದು ಈಚಿನ ಕಥೆ. 2015ರ ಆಗಸ್ಟ್‌ನಲ್ಲಿ ಅಯೋವಾದ ಡುಬುಕ್‌ನಲ್ಲಿ ಟ್ರಂಪ್ ಪತ್ರಿಕಾಗೋಷ್ಠಿಯಿಂದ ರಾಮೋಸ್ ಅವರನ್ನು ಹೊರದಬ್ಬಿದ್ದು, ಆಮೇಲೆ ಒಳಗೆ ಬಿಟ್ಟದ್ದು. 2019ರ ಫೆಬ್ರುವರಿಯಲ್ಲಿ ಕರಾಕಸ್‌ನ ಅರಮನೆಯಲ್ಲಿ, ಕಸದ ಲಾರಿಯಿಂದ ಹೆಕ್ಕಿ ತಿನ್ನುವ ಯುವಕರ ವಿಡಿಯೊ ತೋರಿಸಿದ್ದಕ್ಕೆ ವೆನೆಜುವೆಲಾದ ಆಗಿನ ಅಧ್ಯಕ್ಷ ಮಡುರೊ ಸಂದರ್ಶನ ಬಿಟ್ಟು ಎದ್ದದ್ದು, ತಂಡವನ್ನು ಕೂಡಿಹಾಕಿ ಕ್ಯಾಮೆರಾ ಕಿತ್ತುಕೊಂಡು ಮರುದಿನ ಗಡೀಪಾರು ಮಾಡಿದ್ದು. 2017ರ ಕೊನೆಗೆ ಸಲಿನಾಸ್ ಬಿಟ್ಟರು, ಕೊಲಂಬಿಯಾದ ಇಲಿಯಾ ಕಾಲ್ದೆರೋನ್ ಬಂದರು. ಅಮೆರಿಕದ ದೊಡ್ಡ ಸ್ಪ್ಯಾನಿಷ್ ಜಾಲವೊಂದರ ವಾರದ ದಿನಗಳ ಸಂಜೆವಾರ್ತೆಯಲ್ಲಿ ಕುಳಿತ ಮೊದಲ ಕಪ್ಪು ವರ್ಣದ ಲ್ಯಾಟಿನಾ ಅವರು.

ಒಡೆತನದ ಚಕ್ರ ಮಾತ್ರ ಉರುಳುತ್ತಲೇ ಇತ್ತು. 1992ರಲ್ಲಿ ಹಾಲ್‌ಮಾರ್ಕ್ ಮಾರಿದಾಗ ಕೊಂಡ ಅಮೆರಿಕದ ಉದ್ಯಮಿ ಜೆರಿ ಪೆರೆಂಚಿಯೊ ಜೊತೆ ತೆಲೆವಿಸಾ, ವೆನೆಜುವೆಲಾದ ಟಿವಿ ಕಂಪನಿ ವೆನೆವಿಸಿಯೋನ್ ಸಣ್ಣ ಪಾಲುದಾರರಾಗಿ ಒಳಬಂದವು. ಬೆಲೆ 55 ಕೋಟಿ ಡಾಲರ್. 2017ರಲ್ಲಿ ಸಂಪರ್ಕ ಆಯೋಗ ಈ ಕಂಪನಿಯ ಮಟ್ಟಿಗೆ ವಿದೇಶಿ ಪಾಲಿನ ಮಿತಿಯನ್ನು ಶೇ 49ಕ್ಕೆ ಸಡಿಲಿಸಿತು. 2022ರ ಜನವರಿಯಲ್ಲಿ ಯುನಿವಿಷನ್, ತೆಲೆವಿಸಾದ ಕಾರ್ಯಕ್ರಮ ವಿಭಾಗ ಎರಡೂ ಒಂದಾಗಿ ‘ತೆಲೆವಿಸಾಯುನಿವಿಷನ್’ ಆಯಿತು. 1986ರಲ್ಲಿ ಕಾನೂನು ಬಿಡಿಸಿದ ಗಂಟು, 36 ವರ್ಷದ ಮೇಲೆ ಕಾನೂನುಬದ್ಧವಾಗಿಯೇ ಬಿತ್ತು. 2023ರ ನವೆಂಬರ್‌ನಲ್ಲಿ ಪ್ರಸಾರವಾದ ಟ್ರಂಪ್ ಸಂದರ್ಶನ ಮಾಡಿದವರು ಮೆಕ್ಸಿಕೊ ಕಡೆಯ ಆ್ಯಂಕರ್, ಮಯಾಮಿಯವರಲ್ಲ. ಪ್ರಶ್ನೆಗಳು ಮೆತ್ತಗಿದ್ದವೆಂದು ಗದ್ದಲವಾಯಿತು, ಹಳಬರ ಬಾಯಲ್ಲಿ ಮತ್ತೆ 1986ರ ಮಾತು ಬಂತು. 2024ರ ಡಿಸೆಂಬರ್‌ನಲ್ಲಿ, 38 ವರ್ಷದ ನಂತರ, ರಾಮೋಸ್ ಕುರ್ಚಿ ಬಿಟ್ಟರು.

ಕೊನೆಗೆ ಒಂದು ಪ್ರಶ್ನೆ: ಸ್ಪ್ಯಾನಿಷ್ ವಾರ್ತೆಯಲ್ಲಿ ಅತಿ ಹೆಚ್ಚು ತಪ್ಪು ಎಲ್ಲಿ ಆಗುತ್ತದೆ? ಹೆಚ್ಚು ಎಲ್ಲಿ ಎಂದು ಎಣಿಸಿ ಹೇಳುವುದು ಕಷ್ಟ, ಅತಿ ದೊಡ್ಡದು ಎಲ್ಲಿ ಎಂದರೆ ಅಂಕಿಯಲ್ಲಿ. ಇಂಗ್ಲಿಷಿನ ‘ಬಿಲಿಯನ್’ ಎಂದರೆ 100 ಕೋಟಿ. ಸ್ಪ್ಯಾನಿಷ್‌ನ ‘ಬಿಯೋನ್’ ಎಂದರೆ ಲಕ್ಷ ಕೋಟಿ. ಸದ್ದು ಒಂದೇ, ನಡುವೆ ಸಾವಿರ ಪಟ್ಟು ಅಂತರ. 2009ರ ಆರ್ಥಿಕ ಉತ್ತೇಜನದ 787 ಬಿಲಿಯನ್ ಡಾಲರನ್ನು ‘787 ಮಿಲ್ ಮಿಯೋನೆಸ್’ ಎಂದೇ ಓದಬೇಕು, ಸಾವಿರ ಮಿಲಿಯನ್‌ಗಳ ಲೆಕ್ಕದಲ್ಲಿ. 1995ರಲ್ಲಿ ಸ್ಪೇನಿನ ಭಾಷಾ ಅಕಾಡೆಮಿ ಇದಕ್ಕೆಂದೇ ‘ಮಿಯಾರ್ದೊ’ ಎಂಬ ಪದ ಒಪ್ಪಿತು. ಜನ ಅಷ್ಟಾಗಿ ಬಳಸಲಿಲ್ಲ. ಅಮೆರಿಕದಲ್ಲೇ ಬೆಳೆದ ನೋಡುಗರು ಇಂಗ್ಲಿಷ್ ಲೆಕ್ಕದಲ್ಲೇ ‘ಬಿಯೋನ್’ ಎನ್ನುವುದರಿಂದ ಗೊಂದಲ ಇಮ್ಮಡಿ. ಪರದೆಯ ಮೇಲಿನ ಗ್ರಾಫಿಕ್ ಮಾಡುವವರು ಒಬ್ಬರು, ಓದುವವರು ಇನ್ನೊಬ್ಬರಾದಾಗ ಎರಡೂ ತಾಳೆಯಾಗದೆ ಹೋಗುತ್ತದೆ. ಸೊನ್ನೆ ಎಣಿಸಿ ನೋಡುವುದೇ ಉಪಾಯ: ಬಿಲಿಯನ್‌ಗೆ ಒಂಬತ್ತು, ಬಿಯೋನ್‌ಗೆ ಹನ್ನೆರಡು. ಕನ್ನಡಕ್ಕೆ ತರುವಾಗಲಾದರೆ ಬಿಲಿಯನ್ ಸಂಖ್ಯೆಯ ಮುಂದೆ ಎರಡು ಸೊನ್ನೆ ಹಾಕಿ ಕೋಟಿ ಎನ್ನಿ: 787 ಬಿಲಿಯನ್, 78,700 ಕೋಟಿ.